ಯಾರ್ ಮೇಡಂ ಇದನ್ನ ಮಾಡಿದ್ದು?

ಅಡುಗೆಮನೆ ಸಿಂಕಿನ ಕೆಳಗೆ ಸದ್ಯಕ್ಕೆ ಇಡ್ಲಿ ಪಾತ್ರೆ ಕೂತಿದೆ. ಬಕೆಟ್ ಅಲ್ಲಿ ಹಿಡಿಸುವುದಿಲ್ಲ, ಚೊಂಬು ಇಟ್ಟರೆ ತಿರುಗಿ ನೋಡುವಷ್ಟರಲ್ಲಿ ತುಂಬಿ ಹರಿಯುತ್ತದೆ. ಹಾಗಾಗಿ ಮನೆಯಲ್ಲಿ ಇಡ್ಲಿ ಬಂದ್, ಉಪ್ಪಿಟ್ಟು ಚಾಲ್ತಿ. ಯಾರೂ ಬಾಯಿ ಬಿಟ್ಟು ಏನೂ ಅನ್ನುತ್ತಿಲ್ಲ, ತಟ್ಟೆ ನೋಡಿ ಉಸಿರು ಬಿಡುತ್ತಾರೆ ಅಷ್ಟೆ. ಪ್ಲಂಬರ್ ನಿನ್ನೆ ಬೆಳಗ್ಗೆಯಿಂದ 'ದಾರೀಲಿದೀನಿ ಮೇಡಂ' ಅನ್ನುತ್ತಿದ್ದಾನೆ. ಇಷ್ಟು ಹೊತ್ತಿಗೆ ಬಸ್ ಹತ್ತಿ ಧರ್ಮಸ್ಥಳಕ್ಕೆ ಹೋಗಿ, ಮಂಜುನಾಥನ ದರ್ಶನ ಮಾಡಿ, ಊಟ ಮುಗಿಸಿ ವಾಪಸ್ ಬೆಂಗಳೂರಿಗೆ ಬರಬಹುದಿತ್ತು.

ಪ್ಲಂಬರ್ ಬಂದ ಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತಿದೆ. ಬಾಗಿಲಲ್ಲೇ ಮೊದಲ ಪ್ರಶ್ನೆ: "ಸಾರ್ ಇಲ್ವಾ?" ಸಾರ್ ಇದ್ದಾರೆ. ಆದರೆ ನಮ್ಮ ಸಾರ್‌ಗೆ ನೀರು ನಿಲ್ಲಿಸುವ ಗೇಟ್ ವಾಲ್ವ್ ತೋರಿಸಿ ಅಂದರೆ ಕಾಂಪೌಂಡ್ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಅಂಗಡಿಗೆ ಓಡಿ ಮುಕ್ಕಾಲು ಇಂಚು, ಅರ್ಧ ಇಂಚು ಅಂತ ಒದ್ದಾಡುವವಳು ನಾನು. ಆದರೂ ಪೈಪಿನ ಕಷ್ಟಸುಖವನ್ನೆಲ್ಲ ಪ್ಲಂಬರ್ ಹೇಳಿಕೊಳ್ಳುವುದು ಸಾರ್ ಹತ್ತಿರವೇ. ಸಾರ್ ಗಂಭೀರವಾಗಿ ತಲೆಯಾಡಿಸುತ್ತಾರೆ.

ಆಮೇಲೆ ಮುಖ್ಯ ಕಾರ್ಯಕ್ರಮ. ಮೊಬೈಲಿನ ಟಾರ್ಚ್ ಹಚ್ಚುತ್ತಾನೆ. ಬಗ್ಗಿ ಸಿಂಕಿನ ಕೆಳಗೆ ತಲೆ ತೂರಿಸುತ್ತಾನೆ. ಒಳಗಿನಿಂದ 'ಚ್ ಚ್ ಚ್' ಅಂತ ಲೊಚಗುಟ್ಟುವ ಸದ್ದು. ಸ್ಕ್ರೂಡ್ರೈವರ್‌ನಿಂದ ಪೈಪನ್ನು ಎರಡು ಸಲ ತಟ್ಟುತ್ತಾನೆ. ಕೊನೆಗೆ ತಲೆ ಹೊರಗೆಳೆದು, ಸೂತಕದ ಮನೆಗೆ ಬಂದವರ ಮುಖ ಮಾಡಿಕೊಂಡು, "ಯಾರ್ ಮೇಡಂ ಇದನ್ನ ಮಾಡಿದ್ದು?" ಅನ್ನುತ್ತಾನೆ.

ಈ ಪ್ರಶ್ನೆ ಕೇಳದೆ ಇದುವರೆಗೂ ಒಬ್ಬ ಪ್ಲಂಬರ್ ನಮ್ಮ ಮನೆಯಲ್ಲಿ ಕೆಲಸ ಶುರು ಮಾಡಿಲ್ಲ. ಹಿಂದೆ ಬಂದವನು ಅವನ ಹಿಂದಿನವನನ್ನು ಬೈದಿದ್ದ, ಆ ಹಿಂದಿನವನು ಮನೆ ಕಟ್ಟಿಸಿದಾಗ ಪೈಪ್ ಹಾಕಿದವನನ್ನು. ಹೀಗೇ ಹಿಂದಕ್ಕೆ ಹೋದರೆ, ಭಗೀರಥ ಗಂಗೆಯನ್ನು ಇಳಿಸಿದ ದಿನವೂ ಯಾರೋ ಒಬ್ಬ ಬಂದು ಶಿವನ ಜಟೆ ತಟ್ಟಿ ನೋಡಿ, "ಜಾಯಿಂಟೇ ಸರಿ ಕೂತಿಲ್ಲ ಸ್ವಾಮಿ" ಅಂದಿರಬೇಕು.

ಕಳೆದ ಸಲ ಮಾತ್ರ ನನಗೆ ಬಲು ಖುಷಿಯಾಗಿತ್ತು. ಟಾರ್ಚ್ ಆಯಿತು, ಲೊಚಗುಟ್ಟಿದ್ದಾಯಿತು. "ಯಾರ್ ಮೇಡಂ ಇದನ್ನ ಮಾಡಿದ್ದು? ಕೈ ಕಡೀಬೇಕು ಅವಂದು" ಅಂದ.

"ನೀವೇ. ದೀಪಾವಳಿ ಹಿಂದಿನ ದಿನ."

ಮತ್ತೆ ಬಗ್ಗಿ ನೋಡಿದ. ಟಾರ್ಚ್ ಆ ಕಡೆ ಈ ಕಡೆ ಓಡಿತು. ನಾಚಿಕೆಯ ಸುಳಿವೇ ಇಲ್ಲ. "ಓ, ಇದಾ? ಇದು ನಮ್ ಹುಡುಗ ಮಾಡಿದ್ದು ಮೇಡಂ. ಕೆಲಸ ಸರಿ ಇಲ್ಲ ಅಂತ ಅವನನ್ನ ಆವಾಗ್ಲೇ ಬಿಡಿಸಿಬಿಟ್ಟೆ." ಆ ಹುಡುಗ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದ. ತನ್ನನ್ನು ಕೆಲಸದಿಂದ ಬಿಡಿಸಿದ ವಿಷಯ ಅವನಿಗೂ ಆಗಲೇ ಗೊತ್ತಾಗಿದ್ದು ಅಂತ ಕಾಣುತ್ತದೆ, ನನ್ನ ಮುಖವನ್ನೇ ನೋಡಿದ. ನಾನು ಅವನಿಗೆ ಕಾಫಿ ಕೊಟ್ಟೆ.

ಹಾಗಂತ ಇದೇನು ಬ್ರಹ್ಮವಿದ್ಯೆಯೂ ಅಲ್ಲ. ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿಮಾಡುತ್ತಾ ಹೋದಂತೆ ಅದು ಬಿಚ್ಚಿಕೊಂಡು ಬರುತ್ತದೆ. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪಿಗೆ ಅಂಟಿಸುವ ಸಲ್ಯೂಷನ್ ಹಚ್ಚಿದ ಮೇಲೆ ಒಣಗುವುದಕ್ಕೆ ಬಿಡಬೇಕು, ಡಬ್ಬಿಯ ಮೇಲೇ ಬರೆದಿರುತ್ತಾರೆ. ನಮ್ಮವನು ಹಚ್ಚಿದ ಕೈಯಲ್ಲೇ ನೀರು ಬಿಟ್ಟು, ಸೋರಿದರೆ ಮೇಲೊಂದು ಉಂಡೆ ಎಂ-ಸೀಲ್ ಮೆತ್ತಿ, ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂತ ಆಶೀರ್ವಾದ ಮಾಡುತ್ತಾನೆ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಲ್ಲದೆ ಪರದಾಡುತ್ತಾ, ಜಲಮಂಡಳಿಯವರು ನಲ್ಲಿಯ ಬಾಯಿಗೆ ನೀರು ಉಳಿಸುವ ಏರೇಟರ್ ಹಾಕಿಸಿ ಅಂದಾಗ ನಾನೂ ಹಾಕಿಸಿದ್ದೆ. "ಇದಿದ್ರೆ ಫೋರ್ಸ್ ಬರಲ್ಲ ಮೇಡಂ" ಅಂತ ಅದನ್ನೂ ಕಿತ್ತು ಕಿಟಕಿಯ ಮೇಲಿಟ್ಟು ಹೋದ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆಗ ಹೇಳಿದ್ದರು. ಇಡ್ಲಿ ಪಾತ್ರೆಗೆ ಬೀಳುವ ನೀರಿನ ದಂಡವನ್ನು ಯಾರ ತಲೆಗೆ ಕಟ್ಟುವುದೋ.

ಬಾತ್‌ರೂಮಿನ ಕತೆ ಬೇರೆ. ವಾಟ ಇರುವುದು ಬಾಗಿಲ ಕಡೆಗೆ, ಜಾಲರಿ ಇರುವುದು ಎದುರು ಮೂಲೆಯಲ್ಲಿ. ಕೆಂಪು ಗುರುತಿನ ನಲ್ಲಿ ತಿರುಗಿಸಿದರೆ ತಣ್ಣೀರು, ನೀಲಿಗೆ ಬಿಸಿನೀರು. ನೆಂಟರು ಬಂದರೆ ಟವೆಲ್ ಜೊತೆಗೆ ಒಂದು ಸಣ್ಣ ಭಾಷಣವನ್ನೂ ಕೊಟ್ಟು ಒಳಗೆ ಕಳಿಸಬೇಕು. ತಾರಸಿಯ ಮೇಲೆ ವಾಲ್ವುಗಳು ಸಾಲಾಗಿವೆ, ಯಾವುದು ಯಾವ ಮನೆಯದು ಅಂತ ಯಾರಿಗೂ ತಿಳಿಯದು. ಒಂದೊಂದನ್ನೇ ತಿರುಗಿಸಿ ಯಾರು ಕೂಗುತ್ತಾರೆ ಅಂತ ನೋಡುವುದೇ ಪರೀಕ್ಷೆ. ಹೋದ ಸಲ ಮಹಡಿ ಮನೆಯ ಅಂಕಲ್ ಮೈತುಂಬ ಸೋಪಿನ ಸಮೇತ ಕೂಗಿದರು.

ನೀರು ಸೋರಿದರೆ ಒರೆಸಬಹುದು, ಗ್ಯಾಸಿನ ವಿಷಯಕ್ಕೆ ಮಾತ್ರ ನನಗೆ ತಮಾಷೆ ಹುಟ್ಟುವುದಿಲ್ಲ. ಬೀದಿಯಲ್ಲಿ 'ಸ್ಟೌ ರಿಪೇರೀ' ಅಂತ ಕೂಗಿಕೊಂಡು ಬಂದವನೊಬ್ಬ ಬರ್ನರ್ ಬಿಚ್ಚಿ ಕಟ್ಟಿ, ಲೀಕ್ ಇದೆಯಾ ಅಂತ ನೋಡೋಕೆ ಕಡ್ಡಿ ಗೀರಿದ. ನನ್ನ ಎದೆ ಧಸಕ್ ಅಂದಿತು. "ಲೀಕ್ ಇದ್ರೆ ಹತ್ಕೊಳ್ಳುತ್ತೆ ಅಕ್ಕಾ, ಗೊತ್ತಾಗ್ಬಿಡುತ್ತೆ!" ಗೊತ್ತಾಗುವುದು ಯಾರಿಗಪ್ಪಾ, ಪಕ್ಕದ ಬೀದಿಯವರಿಗಾ? ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೇರಿ ಹೋಗದೆ ನೆಲ ಹಿಡಿದೇ ಕೂತಿರುತ್ತದೆ. ಒಂದು ಬಟ್ಟಲು ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಹೇಳುತ್ತದೆ, ಅದಕ್ಕೆ ಖರ್ಚೂ ಇಲ್ಲ. ಆ ಕಿತ್ತಳೆ ಬಣ್ಣದ ಟ್ಯೂಬಿನ ಮೇಲೆ ಇಸವಿ ಅಚ್ಚಾಗಿರುತ್ತದೆ, ಐದು ವರ್ಷಕ್ಕೆ ಬದಲಾಯಿಸಬೇಕು. ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ, ನಾನು ಕಾಯುತ್ತೇನೆ. ಸೋರಿದ ವಾಸನೆ ಬಂದರೆ ಫೋನ್ ಮಾಡಬೇಕಾದ್ದು 1906ಕ್ಕೆ.

ಮೈಸೂರಿನ ನಮ್ಮಪ್ಪನ ಮನೆಗೆ ಪೈಪ್ ಹಾಕಿದವರು ಬೇರೆಯೇ ಥರದ ಮನುಷ್ಯ. ಆಗ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಅಂಗಳದಲ್ಲೇ ಕೂತು ಎಣ್ಣೆ ಬಿಟ್ಟುಕೊಂಡು ಥ್ರೆಡ್ ಕೊರೆದು, ನೂಲು ಸುತ್ತಿ, ಬಿಳಿ ಪೇಂಟ್ ಹಚ್ಚಿ ತಿರುಗಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಪ್ರತಿ ಜಾಯಿಂಟಿನ ಕೆಳಗೂ ನ್ಯೂಸ್‌ಪೇಪರ್ ಹಾಳೆ ಹಾಸಿ ನೀರು ಬಿಡುವುದು. ಆಮೇಲೆ ಜಗಲಿಯ ಮೇಲೆ ಕೂತು ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಊರ ಸುದ್ದಿ. ಸಾಕಷ್ಟು ಹೊತ್ತಾದ ಮೇಲೆ ಎದ್ದು ಹೋಗಿ ಹಾಳೆಗಳನ್ನು ಬೆರಳಲ್ಲಿ ಮುಟ್ಟಿ ನೋಡುವರು. ಒಂದು ಕಡೆ ಒದ್ದೆಯಾಗಿದ್ದರೂ ಮಾತಿಲ್ಲದೆ ಬಿಚ್ಚಿ ಮೊದಲಿನಿಂದ ಮಾಡುವರು, ದುಡ್ಡಿನ ಮಾತು ಆಮೇಲೆ. ಆ ಪೈಪುಗಳೂ ಕಡೆಗೆ ತುಕ್ಕು ಹಿಡಿದೇ ಹೋದವು, ಆದರೆ ಜಾಯಿಂಟಿನಲ್ಲಿ ಹನಿ ಸೋರಿದ್ದು ನಾನು ಕಾಣೆ. ಅವರು ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ನಿಂತಿದ್ದರು.

ಅವರ ಮಗ ಈಗ ಬೆಂಗಳೂರಿನಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿದ. ಹೊಸ ಫ್ಲಾಟಂತೆ, ಬಾತ್‌ರೂಮಿನ ನಲ್ಲಿ ಒಂದೇ ಸಮ ಸೋರುತ್ತಿದೆಯಂತೆ. "ಅಕ್ಕಾ, ಒಳ್ಳೆ ಪ್ಲಂಬರ್ ಯಾರಾದ್ರೂ ಗೊತ್ತಿದಾರಾ?" ಅಂದ. ನಮ್ಮವನ ನಂಬರ್ ಕೊಟ್ಟೆ. ನಾನೊಬ್ಬಳೇ ಯಾಕೆ ಅನುಭವಿಸಬೇಕು?