ಗುಜರಿ ಇಸಿಎಂ ಹಾಕಿದರೆ ಕಾರು ಓಡುತ್ತದೆಯೇ? ಸತ್ಯಾಂಶ

"ಚೆಕ್ ಎಂಜಿನ್ ಲೈಟ್ ಬಂದರೆ ಇಸಿಎಂ ಹೋಗಿದೆ ಎಂದರ್ಥ. ಗುಜರಿಯಿಂದ ಅದೇ ಮಾಡೆಲ್‌ದು ತಂದು ಸಿಕ್ಕಿಸಿ, ಸಾವಿರಾರು ರೂಪಾಯಿ ಉಳಿಸಿ." ಇಂಥ ಸಂದೇಶ ನಿಮಗೂ ಬಂದಿರಬಹುದು. ಇಸಿಎಂ ಎಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್.

ಮೊದಲ ಮಾತೇ ತಪ್ಪು. ಆ ಲೈಟು ಸೆನ್ಸರ್, ಇಗ್ನಿಷನ್ ಕಾಯಿಲ್, ಸರಿಯಾಗಿ ಮುಚ್ಚದ ಪೆಟ್ರೋಲ್ ಮುಚ್ಚಳ, ಹೀಗೆ ಎಷ್ಟೋ ಕಾರಣಕ್ಕೆ ಉರಿಯುತ್ತದೆ. ಇಸಿಎಂ ಕೆಡುವುದು ಅಪರೂಪ. ಸ್ಕ್ಯಾನರ್‌ನಲ್ಲಿ ಯು0100 ಎಂಬ ದೋಷದ ಕೋಡ್ ಬಂದರೆ ಇಸಿಎಂ ಜೊತೆ ಸಂಪರ್ಕ ಕಡಿದಿದೆ ಎಂದಷ್ಟೇ ಅರ್ಥ. ಇಲಿ ಕಡಿದ ವೈರು, ತುಕ್ಕು ಹಿಡಿದ ಅರ್ಥಿಂಗ್, ಹೋದ ಫ್ಯೂಸ್, ಸೊರಗಿದ ಬ್ಯಾಟರಿ ಸಾಕು ಇದಕ್ಕೆ. ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ನೀರು ಹೋಗಿದ್ದರಂತೂ ಕೇಳಲೇಬೇಡಿ! ಮೊದಲು ಅವನ್ನು ನೋಡಿಸಿ.

ನಿಜವಾಗಿಯೂ ಇಸಿಎಂ ಕೆಟ್ಟಿದ್ದರೆ? ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಇಸಿಎಂಗೂ ಕೀಲಿಯ ಚಿಪ್‌ಗೂ ಗುರುತಿನ ನಂಟಿದೆ. ಬೇರೆ ಕಾರಿನದನ್ನು ಸುಮ್ನೆ ಸಿಕ್ಕಿಸಿದರೆ ಸ್ಟಾರ್ಟೇ ಆಗದಿರಬಹುದು, ಅಥವಾ ಆಗಿ ಒಂದೆರಡು ಸೆಕೆಂಡಲ್ಲಿ ನಿಂತುಬಿಡಬಹುದು. ಇಮ್ಮೊಬಿಲೈಸರ್ ಇಲ್ಲದ ಹಳೇ ಕಾರಲ್ಲಿ ಈ ಉಪಾಯ ನಡೆಯುವುದುಂಟು. ಸಂದೇಶ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವವರು ಮಾಡೆಲ್ ಹೆಸರು ಹೇಳಿದರೆ ಸಾಲದು. ಇಸಿಎಂ ಮೇಲಿನ ಪಾರ್ಟ್ ನಂಬರ್ ಹೊಂದಬೇಕು. ಕೋಡಿಂಗ್, ಅಂದರೆ ಆ ಇಸಿಎಂ ಅನ್ನು ನಿಮ್ಮ ಕಾರಿಗೂ ಕೀಲಿಗೂ ಹೊಂದಿಸುವ ಕೆಲಸ, ಮಾಡಿಕೊಡುವವರು ಯಾರೆಂದು ದುಡ್ಡು ಕೊಡುವ ಮೊದಲೇ ಕೇಳಿ. ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರು ತೆಗೆಸಿ.