ವಾಪಸ್ ಬರುವ ಲೆಕ್ಕದಲ್ಲಿ ಹೆಂಡತಿಯ ಕಾಲಂ ಎಲ್ಲಿ?

ಅಮೆರಿಕದಿಂದ ಬೆಂಗಳೂರಿಗೆ ಮರಳುವ ಟೆಕ್ಕಿ ದಂಪತಿಗಳ ಎಕ್ಸೆಲ್ ಶೀಟಿನಲ್ಲಿ ಗಂಡನ ಆಫರ್ ಲೆಟರ್, ಮಕ್ಕಳ ಶಾಲೆ, ಫ್ಲ್ಯಾಟು ಎಲ್ಲಕ್ಕೂ ಕಾಲಂ ಇರುತ್ತದೆ. ಹೆಂಡತಿಯ ಕೆಲಸದ ಮುಂದೆ ಮಾತ್ರ ‘ಹೋದ ಮೇಲೆ ನೋಡೋಣ’. ಎಡವಟ್ಟು ಶುರುವಾಗುವುದೇ ಇಲ್ಲಿ.

ಶಾಲೆ ಜೂನ್‌ಗೆ ಶುರು ಅಂತ ಆಕೆ ಮಕ್ಕಳನ್ನು ಕರಕೊಂಡು ಮೇ 1ಕ್ಕೇ ಬರುತ್ತಾಳೆ. ಬೋನಸ್ಸು, ಷೇರು ಕೈಗೆ ಬರಲಿ ಅಂತ ಗಂಡ ಬರುವುದು ಮುಂದಿನ ಮಾರ್ಚ್‌ಗೆ. ಆದಾಯ ತೆರಿಗೆ ಲೆಕ್ಕ ಕುಟುಂಬಕ್ಕಲ್ಲ, ತಲೆಗೊಂದು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದರೆ ಆಕೆ ನಿವಾಸಿ. ಗಂಡ ಆ ವರ್ಷ ಇನ್ನೂ ಎನ್‌ಆರ್‌ಐ. ವಿದೇಶದ ಬಡ್ಡಿಗೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳದ ಆರ್‌ಎನ್‌ಒಆರ್ (ನಿವಾಸಿಯಾದರೂ ‘ಸಾಮಾನ್ಯ ನಿವಾಸಿ’ ಅಲ್ಲ ಅನ್ನುವ ತೆರಿಗೆ ದರ್ಜೆ) ಅವಧಿ ಆಕೆಗೆ ಒಂದು ವರ್ಷ ಮೊದಲೇ ಶುರುವಾಗಿ ಮೊದಲೇ ಮುಗಿಯುತ್ತದೆ.

ಮೂರನೇ ವರ್ಷವೂ ಆ ಸೌಲಭ್ಯ ಬೇಕೆಂದರೆ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರಬಾರದು. ಮೇ 1ಕ್ಕೆ ಬಂದವಳಿಗೆ ಮೊದಲ ವರ್ಷ 335, ಎರಡನೇ ವರ್ಷ 365, ಒಟ್ಟು 700. ಅದಕ್ಕೂ ಹಿಂದಿನ ಐದು ವರ್ಷಗಳಿಗೆ ಉಳಿದದ್ದು ಬರೀ 29 ದಿನ. ತವರಲ್ಲಿ ಮೂರು ತಿಂಗಳ ಬಾಣಂತನ, ಅತ್ತೆಯ ಆಪರೇಷನ್‌ಗೆ ಬಂದು ನಿಂತದ್ದು, ಎಲ್ಲವೂ ಇದರಲ್ಲೇ ಸೇರುತ್ತದೆ. (ಸೇವೆಗೆ ಸರ್ಕಾರ ಕೊಡುವ ಬಹುಮಾನ!) ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಇಬ್ಬರ ದಿನಗಳನ್ನೂ ಬೇರೆಬೇರೆಯಾಗಿ ಎಣಿಸಿ; ಜಂಟಿ ಖಾತೆಯ ಬಡ್ಡಿ ಯಾರ ಪಾಲಿಗೆ ಬರುತ್ತದೆ ಅನ್ನುವುದನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಸಿಎ ಹತ್ತಿರ ಕೇಳಿ.

ಆಕೆಯ ಡಿಗ್ರಿ ಅಮೆರಿಕದ್ದಾದರೆ ಅಪೋಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ದೃಢೀಕರಣ) ಅಲ್ಲಿಂದಲೇ ಆಗಬೇಕು, ಇಲ್ಲಿ ಆಗುವುದಿಲ್ಲ. ಟ್ರಾನ್ಸ್‌ಕ್ರಿಪ್ಟು, ಹುದ್ದೆಯ ವಿವರವಿರುವ ಅನುಭವ ಪತ್ರ ಕೈಯಲ್ಲಿರಲಿ. ಎಚ್-1ಬಿ ಕೆಲಸದ ವೀಸಾದಲ್ಲಿರುವ ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋದವರಿಗೆ ಕೆಲಸದ ಪರವಾನಗಿ ಸಿಗತೊಡಗಿದ್ದೇ 2015ರ ಮೇ 26ರಿಂದ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಆ ಖಾಲಿ ವರ್ಷಗಳ ಕಾರಣವನ್ನು ರೆಸ್ಯೂಮೆಯಲ್ಲಿ ಒಂದೇ ಸಾಲಲ್ಲಿ ನೇರವಾಗಿ ಬರೆಯಿರಿ. ಮುಚ್ಚಿಟ್ಟರೆ ಎಚ್‌ಆರ್‌ನವರು ಕೆದಕುತ್ತಾರೆ. ವಿಜ್ಞಾನಿಗಳಾದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಮಹಿಳಾ ವಿಜ್ಞಾನಿಗಳಿಗೆ ನಡೆಸುವ ವೈಸ್-ಕಿರಣ್ ಯೋಜನೆಗಳನ್ನು ನೋಡಿ.

ಮನೆಯನ್ನು ಗಂಡನ ವೈಟ್‌ಫೀಲ್ಡ್ ಆಫೀಸಿನ ಪಕ್ಕ ಹಿಡಿದು, ಆಮೇಲೆ ಆಕೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕರೆ ಮೊದಲು ಬಿಡುವುದು ಆಕೆಯ ಕೆಲಸವನ್ನೇ. ಇಬ್ಬರ ಆಫರ್ ಬರುವ ತನಕ 11 ತಿಂಗಳ ಬಾಡಿಗೆ ಕರಾರು ಸಾಕು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. ಸಂಬಳದ ಮಾತಿನ ಜೊತೆಗೇ ಅದನ್ನೂ ಕೇಳಿ, ಗಂಡನ ಕಂಪನಿಯಲ್ಲೂ ಕೇಳಿ.