ಕಣದಲ್ಲೊಂದು ಬೋಟು

ಮೊನ್ನೆ ಬೆಳಿಗ್ಗೆ ತೋಟದ ಲೆಕ್ಕ ನೋಡುವ ರೈಟರ್ ಬಂದು ಅಂಗಳದಲ್ಲಿ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವರು ಟೋಪಿ ತೆಗೆದರೆ ಒಂದೋ ಮುಂಗಡ ಬೇಕು, ಇಲ್ಲವೇ ತೋಟಕ್ಕೆ ಆನೆ ನುಗ್ಗಿದೆ.

"ಸಾರ್, ನಾಳೆಯಿಂದ ರೋಬಸ್ಟಾ ಕೊಯ್ಲು. ಕಾಫಿ ಎಲ್ಲಿ ಹರಡೋದು?"

"ಕಣದಲ್ಲಿ."

"ಕಣದಲ್ಲಿ ಬೋಟ್ ಇದೆಯಲ್ಲ ಸಾರ್."

ಇದೆ. ಇಪ್ಪತ್ತಡಿ ಉದ್ದ, ಎಂಟಡಿ ಅಗಲ. ನೀಲಿ ಟಾರ್ಪಾಲು ಹೊದ್ದು ಕಣದ ನಟ್ಟನಡುವೆ ಮಲಗಿದೆ. 160 ಚದರಡಿ ಕಣ ಅದರ ಹೊಟ್ಟೆಯ ಕೆಳಗೆ ಹೋಗಿದೆ. ಸಂತೆಗೆ ಹೋದರೆ ಮೀನಿನವನೂ "ಬೋಟ್ ಹೇಗಿದೆ ಸಾರ್?" ಅನ್ನುತ್ತಾನೆ. ಹೋದ ವಾರ ಮದುವೆ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬರು ಪಾಯಸ ಬಿಟ್ಟು ಕೇಳಿದರು: "ನೀವೇ ಅಲ್ವಾ ಬೋಟ್ ತಗೊಂಡವರು?" ಮೂವತ್ತು ವರ್ಷ ಕಾಫಿ ಬೆಳೆದಿದ್ದೇನೆ. ಸುಂಟಿಕೊಪ್ಪದ ಸುತ್ತಮುತ್ತ ಈಗ ನಾನು ಬೋಟಿನವನು.

ತಪ್ಪು ನನ್ನದಲ್ಲ, ಕಾಫಿ ರೇಟಿನದು. 2024ರಲ್ಲಿ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿ ಚೀಲಕ್ಕೆ 10 ಸಾವಿರ ದಾಟಿತು. ಆ ಬೇಸಿಗೆಯಲ್ಲಿ ಕೊಡಗಿನಲ್ಲಿ ಯಾರ ತಲೆಯೂ ಸರಿಯಿರಲಿಲ್ಲ. ಕೆಲವರು ಜೀಪು ಬದಲಿಸಿದರು. ಕೆಲವರು ಸರಿಯಾಗಿದ್ದ ಬಚ್ಚಲುಮನೆ ಒಡೆದು ಇನ್ನೊಂದು ಕಟ್ಟಿಸಿದರು. ನಮ್ಮ ಮನೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಪ್ಪ, ಇಲ್ಲಿಗೆ ಬಂದರೆ ಮಾಡೋಕೆ ಏನಿದೆ?" ಅಂದಳು. ಅದೇ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಪಾಂಟೂನ್ ಬೋಟ್.

ಎರಡು ಉದ್ದದ ಅಲ್ಯೂಮಿನಿಯಂ ಕೊಳವೆ. ಮೇಲೆ ಹಲಗೆಯ ನೆಲ, ಸುತ್ತ ಕಟಕಟೆ, ಸೋಫಾ, ತಲೆಗೊಂದು ನೆರಳು, ಹಿಂದೆ ಮೋಟರ್. ಮನೆಯ ಜಗಲಿಯನ್ನೇ ಕಿತ್ತು ನೀರಿಗೆ ಬಿಟ್ಟ ಹಾಗೆ. ರಾತ್ರಿ ನಿದ್ದೆಗೆಟ್ಟು ಓದಿದೆ. ಇದನ್ನು ಮೊದಲು ಮಾಡಿದವನು ಅಮೆರಿಕದ ಮಿನೆಸೋಟಾದ ಆಂಬ್ರೋಸ್ ವೀರೆಸ್ ಎಂಬ ರೈತ. 1950ರ ದಶಕದ ಆರಂಭದಲ್ಲಿ ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಬೆಸೆದು ಮೇಲೆ ಮರದ ಹಲಗೆ ಕೂರಿಸಿದನಂತೆ. ರೈತನೇ ಮಾಡಿದ್ದು ಅಂದಮೇಲೆ ನಮಗೂ ಆಗುತ್ತದೆ ಅನ್ನಿಸಿತು. ಮಿನೆಸೋಟಾಕ್ಕೆ ಹತ್ತು ಸಾವಿರ ಕೆರೆಗಳ ನಾಡು ಅಂತ ಹೆಸರಿದೆ. ನಮ್ಮಲ್ಲಿರುವುದು ಒಂದು ಕೆರೆ. ಆ ವ್ಯತ್ಯಾಸ ಆ ಹೊತ್ತಿಗೆ ಹೊಳೆಯಲಿಲ್ಲ.

ಮೊದಲು ಕಣ್ಣು ಹಾಕಿದ್ದು ಹಾರಂಗಿ ಹಿನ್ನೀರಿನ ಮೇಲೆ. ಅಣೆಕಟ್ಟು ಪೂರ್ಣಮಟ್ಟದ 2,859 ಅಡಿ ತುಂಬಿತೇ ಇಲ್ಲವೇ ಅಂತ ಮಳೆಗಾಲವಿಡೀ ಪೇಪರಿನಲ್ಲಿ ನೋಡುವವರು ನಾವು. ಹಾಗಾಗಿ ಅದು ಸ್ವಲ್ಪ ನಮ್ಮದೇ ಅನ್ನೋ ಭಾವನೆ. ಒಂದು ಕಚೇರಿಗೆ ಹೋಗಿ ವಿಚಾರಿಸಿದೆ.

"ಮೀನಿಗಾ?"

"ಅಲ್ಲ, ಫ್ಯಾಮಿಲಿಗೆ."

"ಫ್ಯಾಮಿಲಿಗೆ ಅಂತ ಫಾರಂ ಇಲ್ಲ ಸಾರ್."

ಸರಿ, ಅಜ್ಜ ತೋಡಿಸಿದ ನಮ್ಮ ತೋಟದ ಕೆರೆಯೇ ಗತಿ. ಸುಮಾರು ಎರಡೆಕರೆ. ಮೋಟರ್ ಸ್ಟಾರ್ಟ್ ಮಾಡಿ ಸರಿಯಾಗಿ ಕೂರುವಷ್ಟರಲ್ಲಿ ಆಚೆ ದಡ ಬರುತ್ತದೆ. ಆದರೂ ಅದು ನಮ್ಮ ನೀರು, ಫಾರಂ ಬೇಡ.

ಹೊಸ ಬೋಟಿನ ರೇಟು ಕೇಳಿ ಹೆಂಡತಿ ನಕ್ಕಳು. ಆ ನಗು ನನಗೆ ಗೊತ್ತು. ಸೆಕೆಂಡ್ ಹ್ಯಾಂಡ್ ಹುಡುಕಿದೆವು. ಕೇರಳದ ಪಯ್ಯನ್ನೂರಿನ ಹತ್ತಿರ ಕವ್ವಾಯಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದ ಒಂದು ಬೋಟ್ ಮಾರಾಟಕ್ಕಿತ್ತು. ನೋಡಿ ಬರಲು ಹೊರಟಾಗ ಹೆಂಡತಿ ಒಂದೇ ಷರತ್ತು ಹಾಕಿದಳು: "ಅಣ್ಣನನ್ನು ಕರ್ಕೊಂಡು ಹೋಗಿ. ಅವನಿಗೆ ವಸ್ತು ಗೊತ್ತಾಗುತ್ತೆ."

ಭಾವನ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು.

ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅವರು ತಟ್ಟಿ ನೋಡುತ್ತಾರೆ. ಏನನ್ನು ಅಂತ ಕೇಳಬೇಡಿ. ಹಲಸಿನಕಾಯಿ ಎಲ್ಲರೂ ತಟ್ಟುತ್ತಾರೆ, ಅದು ಬಿಡಿ. ಇವರು ಗ್ಯಾಸ್ ಸಿಲಿಂಡರ್ ತಟ್ಟುತ್ತಾರೆ. ಲಾರಿ ಟಯರು, ನೀರಿನ ಟ್ಯಾಂಕು, ಮೆಣಸಿನ ಚೀಲ ತಟ್ಟುತ್ತಾರೆ. ನಾವು ಹೊಸ ಟಿವಿ ತಂದಾಗ ಅದರ ಬೆನ್ನಿಗೆ ಎರಡು ಬಾರಿಸಿ ಕಿವಿಯಿಟ್ಟು ಕೇಳಿದರು. ಬೆರಳಿನ ಗೆಣ್ಣು ಮಡಚಿ ಟಕ್ ಟಕ್, ಕಣ್ಣು ಅರ್ಧ ಮುಚ್ಚಿ ಒಂದು ಕ್ಷಣ ಮೌನ, ಆಮೇಲೆ ತೀರ್ಪು. "ಗಟ್ಟಿ ಇದೆ" ಅಥವಾ "ಟೊಳ್ಳು". ಮೂರನೆಯ ತೀರ್ಪಿಲ್ಲ. ನಾನು ಹೆಣ್ಣು ನೋಡಲು ಹೋದ ದಿನ ಹೊರಡುವಾಗ ಭಾವ ನನ್ನ ಬೆನ್ನು ತಟ್ಟಿದ್ದರು. ಪ್ರೀತಿ ಅಂದುಕೊಂಡಿದ್ದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿ ಹೇಳಿದಳು, ಅದು ಪರೀಕ್ಷೆಯಂತೆ. ಫಲಿತಾಂಶ ಏನು ಬಂತು ಅಂತ ಇವತ್ತಿಗೂ ಹೇಳಿಲ್ಲ.

ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿ ಮೇಲೆ ಪಯ್ಯನ್ನೂರು ಸೇರುವಾಗ ಮಧ್ಯಾಹ್ನ. ಬೋಟು ತೆಂಗಿನ ಮರದಡಿ ದಡದ ಮೇಲೆ ಕೂತಿತ್ತು. "ನೀರಿಗೆ ಇಳಿಸಿ ತೋರಿಸಿ" ಅಂದೆ. ಅದು ಸಮುದ್ರದ ಉಬ್ಬರ ಇಳಿತ ತಾಗುವ ಹಿನ್ನೀರು. ನಾವು ಹೋದ ಹೊತ್ತಿಗೆ ಇಳಿತ. ಬೋಟಿಗೂ ನೀರಿಗೂ ಮಧ್ಯೆ ಐವತ್ತು ಹೆಜ್ಜೆ ಕೆಸರು. ಸಂಜೆ ನೀರು ಬರುತ್ತದೆ ಅಂದರು ಮಾಲೀಕರು. ಸಂಜೆವರೆಗೆ ಕೂತರೆ ಕತ್ತಲಲ್ಲಿ ಮಾಕುಟ್ಟ ಹತ್ತಬೇಕು, ಆನೆ ಕಾಟ. "ಕುಳಪ್ಪಮಿಲ್ಲ" ಅಂದರು ಅವರು. ತೊಂದರೆ ಇಲ್ಲ ಅಂತ. ಆ ಮನುಷ್ಯ ಇಡೀ ದಿನ ಆ ಒಂದು ಪದದಲ್ಲೇ ವ್ಯಾಪಾರ ಮಾಡಿದರು.

ನಾನು ಸುಮ್ನೆ ಹೋಗಿರಲಿಲ್ಲ. ಜೇಬಿನಲ್ಲಿ ಪಟ್ಟಿ ಇತ್ತು. ನೆಲದ ಮೇಲೆ ಕುಣಿದು ನೋಡಿದೆ. ರೆಕ್ಸಿನ್ ಕೆಳಗೆ ಪ್ಲೈವುಡ್ ಕೊಳೆತಿದ್ದರೆ ಕಾಲು ಮೆತ್ತಗೆ ಇಳಿಯುತ್ತದೆ. ಒಂದು ಮೂಲೆಯಲ್ಲಿ ಇಳಿಯಿತು. "ಕುಳಪ್ಪಮಿಲ್ಲ." ಸೋಫಾ ಎತ್ತಿದರೆ ಇಲಿ ಸಂಸಾರ. "ಕುಳಪ್ಪಮಿಲ್ಲ." ಕೊಳವೆಯ ಮೇಲೆ ಅಲ್ಲಲ್ಲಿ ಬಿಳಿ ಪುಡಿ. ಉಪ್ಪುನೀರು ಅಲ್ಯೂಮಿನಿಯಂ ತಿಂದರೆ ಹಾಗಾಗುತ್ತದೆ. ಭಾವ ಅದನ್ನು ಬೆರಳಲ್ಲಿ ಒರೆಸಿ, "ಪೂಜೆ ಮಾಡಿದ್ದಾರೆ, ವಿಭೂತಿ" ಅಂದರು. ಕಾಗದಪತ್ರ ಕೇಳಿದೆ. 1917ರ ಹಳೆಯ ಕಾನೂನು ಹೋಗಿ 2021ರಲ್ಲಿ ಒಳನಾಡು ಜಲನೌಕೆಗಳ ಕಾಯ್ದೆ ಬಂದಿದೆ. ಎಂಜಿನ್ ಬೋಟಿಗೆ ಸರ್ವೆ, ನೋಂದಣಿ ಎಲ್ಲ ಬೇಕು ಅಂತ ಓದಿಕೊಂಡಿದ್ದೆ. ಒಂದು ಪ್ಲಾಸ್ಟಿಕ್ ಕವರ್ ಬಂತು. ಒಳಗಿದ್ದದ್ದೆಲ್ಲ ಮಲಯಾಳಂ. ಗ್ಯಾಸ್ ಕನೆಕ್ಷನ್ನಿನ ಪುಸ್ತಕವೂ ಅದರಲ್ಲೇ ಇತ್ತು.

ಆಮೇಲೆ ಮೋಟರ್. ಇಂಥ ಮೋಟರನ್ನು ನೀರಿಲ್ಲದೆ ಓಡಿಸಬಾರದು, ನೀರೆಳೆಯುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಒಂದು ಡ್ರಮ್ಮಿನಲ್ಲಿ ನೀರು ತುಂಬಿಸಿ ಅದರೊಳಗೆ ಮೋಟರಿನ ಕಾಲು ಇಳಿಸಿದರು. ಹಗ್ಗ ಎಳೆದರು. ಆರನೆಯ ಎಳೆತಕ್ಕೆ ಶುರುವಾಯಿತು. ಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು, ಚಿಮ್ಮಿತು. ಗೇರ್ ಆಯಿಲ್ ನೋಡಿದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ ಅಂತ ಲೆಕ್ಕ. ಇದು ಬೆಲ್ಲದ ಕಪ್ಪು ಕಾಫಿಯ ಹಾಗಿತ್ತು. ನಾನು ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಆಗ ಆಚೆಯಿಂದ ಕೇಳಿತು. ಟಣ್. ಟಣ್. ಮೌನ. "ಟೊಳ್ಳು!"

ಭಾವ ಬಲಗಡೆಯ ಕೊಳವೆ ತಟ್ಟುತ್ತಿದ್ದರು. ಮುಖ ಕಪ್ಪಿಟ್ಟಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಟಣ್. "ಇಲ್ಲೂ ಟೊಳ್ಳು." ಮತ್ತೆ ಎರಡು ಹೆಜ್ಜೆ. "ಭಾವ, ಪೂರ್ತಿ ಟೊಳ್ಳು ಮಾರಾಯ್ರೇ! ಇದು ಬೇಡ, ಬನ್ನಿ ಹೋಗೋಣ."

"ಭಾವ, ಟೊಳ್ಳೇ ಇರಬೇಕು. ಒಳಗೆ ಗಾಳಿ ಇದ್ದರೇ ತೇಲೋದು."

ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. ಅರವತ್ತೈದು ವರ್ಷದಿಂದ ಟೊಳ್ಳು ಅಂದರೆ ಕೆಟ್ಟದ್ದು. ಹಲಸಿನಲ್ಲಿ, ಮರದ ದಿಮ್ಮಿಯಲ್ಲಿ, ಮನುಷ್ಯರಲ್ಲಿ. ಈಗ ದುಡ್ಡು ಕೊಟ್ಟು ಟೊಳ್ಳನ್ನು ಕೊಳ್ಳಬೇಕು ಅಂತ ತಂಗಿಯ ಗಂಡ ಹೇಳುತ್ತಿದ್ದಾನೆ. ಬೋಟಿನ ಮಾಲೀಕರೂ ಬಂದು ಕೊಳವೆಯೊಳಗೆ ಬೇರೆಬೇರೆ ಕೋಣೆಗಳಿರುತ್ತವೆ, ಒಂದು ತೂತಾದರೂ ಉಳಿದವು ಹಿಡಿಯುತ್ತವೆ ಅಂತ ವಿವರಿಸಿದರು. ಭಾವ ಒಪ್ಪಲಿಲ್ಲ. ಬಾಯಿ ಮುಚ್ಚಿಕೊಂಡು ಎಡಗಡೆಯ ಕೊಳವೆಗೆ ಹೋದರು. ಟಣ್. ಟಣ್. ಟಣ್. ಕೊನೆಯಲ್ಲಿ, ಹಿಂಭಾಗದಲ್ಲಿ, ಡಬ್.

ಅವರ ಮುಖ ಅರಳಿತು. ಇನ್ನೊಮ್ಮೆ ತಟ್ಟಿದರು. ಡಬ್. ಅಂಗೈಯಿಂದ ಸವರಿದರು, ಒಳ್ಳೆಯ ಹಾಲಿನ ಹಸುವಿನ ಪಕ್ಕೆ ಸವರಿದ ಹಾಗೆ.

"ಭಾವ, ಇಲ್ಲೊಂದು ಕಡೆ ಗಟ್ಟಿ ಇದೆ. ಕೆಲಸ ಗೊತ್ತಿರೋರು ಮಾಡಿದ್ದಾರೆ. ತಗೊಳ್ಳಿ."

ನಾನು ನಕ್ಕೆ. ಹೌದು, ನಕ್ಕೆ. ಜೇಬಿನ ಪಟ್ಟಿಯಲ್ಲಿ ಆರನೆಯದಾಗಿ ನನ್ನ ಕೈಯಲ್ಲೇ ಬರೆದಿತ್ತು: ಕೊಳವೆಯೊಳಗೆ ನೀರು ನಿಂತಿದೆಯೇ, ನೋಡು. ಮೋಟರಿನ ಧಾರೆ ನೋಡುತ್ತಾ ಆರನೆಯದು ಮರೆತುಹೋಯಿತು. ಮಾಲೀಕರು ಮಾತ್ರ ಆ ಡಬ್ ಕೇಳಿದ ಮೇಲೆ ರೇಟಿನಲ್ಲಿ ತಕರಾರಿಲ್ಲದೆ ಇಪ್ಪತ್ತು ಸಾವಿರ ಇಳಿಸಿದರು. ಅದನ್ನೂ ನನ್ನ ಚೌಕಾಸಿಯ ಪ್ರತಾಪ ಅಂದುಕೊಂಡೆ. 2 ಲಕ್ಷ 80 ಸಾವಿರಕ್ಕೆ ಮುಗಿಯಿತು. ಚೀಲದ ಲೆಕ್ಕದಲ್ಲಿ 28.

ಲಾರಿಯ ಪಕ್ಕದ ಹಲಗೆ ಬಿಚ್ಚಿ ಬೋಟು ಹೇರಿ ಮಾಕುಟ್ಟ ಹತ್ತಿಸಿದ ಕಥೆ ಬೇಡ. ಚೆಕ್‌ಪೋಸ್ಟಿನಲ್ಲಿ "ಇದೇನು?" ಅಂತ ಕೇಳಿದರು, "ಬೋಟ್" ಅಂದೆವು, "ಅದು ಗೊತ್ತು, ಯಾಕೆ?" ಅಂದರು. ಉತ್ತರ ಇರಲಿಲ್ಲ.

ಜೂನ್ ಬಂತು. ಕೆರೆ ತುಂಬಿತು. ಆದರೆ ಆ ಮಳೆಯಲ್ಲಿ, ಆ ಜಿಗಣೆಯಲ್ಲಿ ಯಾರು ವಿಹಾರಕ್ಕೆ ಹೋಗುತ್ತಾರೆ? ಬೋಟಿನ ಸೋಫಾದ ಮೇಲೆ ಬೂಸ್ಟು ಹಿಡಿಯಿತು. ದಸರಾ ರಜೆಗೆ ಎಲ್ಲರೂ ಬಂದರು. ಆಯುಧಪೂಜೆಗೆ ಬೋಟಿಗೂ ಚೆಂಡುಹೂವಿನ ಹಾರ ಬಿತ್ತು. ನಿಂಬೆಹಣ್ಣು ಚಕ್ರದಡಿ ಇಡಬೇಕು. ಚಕ್ರ ಎಲ್ಲಿದೆ? ಅರ್ಧ ಗಂಟೆ ಚರ್ಚೆಯಾಯಿತು. ಕೆರೆಗೆ ಉರುಳಿಸಲು ಹಾಕಿದ್ದ ಸಿಲ್ವರ್ ಮರದ ದಿಮ್ಮಿಯಡಿ ಇಟ್ಟು, ಟ್ರ್ಯಾಕ್ಟರಿನಲ್ಲಿ ತಳ್ಳಿ ನೀರಿಗೆ ಇಳಿಸಿದೆವು.

ಹತ್ತು ಜನ, ಒಂದು ಡಬ್ಬಿ ಪಂದಿ ಕರಿ, ಒಂದು ಬುಟ್ಟಿ ಕಡುಂಬುಟ್ಟು. ಬೋಟು ತೇಲಿತು! ಮಕ್ಕಳು ಕೂಗಿದರು. ಮೊಬೈಲುಗಳು ಮೇಲೆದ್ದವು. ಎರಡು ನಿಮಿಷ ಕಳೆಯಿತು. ಪಂದಿ ಕರಿ ಡಬ್ಬಿ ತಾನಾಗಿಯೇ ಎಡಕ್ಕೆ ಜಾರಿತು. ಎಡ ಹಿಂಭಾಗದಲ್ಲಿ ಅತ್ತೆ ಕೂತಿದ್ದರು. ಹತ್ತು ಜನರ ಕಣ್ಣು ಅವರ ಮೇಲೆ ಹೋಯಿತು. ಭಾವ ತಗ್ಗಿದ ದನಿಯಲ್ಲಿ, "ಅಮ್ಮ, ಸ್ವಲ್ಪ ಈಚೆ ಬನ್ನಿ" ಅಂದರು. ಅತ್ತೆ ಎದ್ದು ಬಲಕ್ಕೆ ಬಂದರು. ಬೋಟು ಇನ್ನೂ ಎಡಕ್ಕೇ ವಾಲಿತ್ತು. ಯಾರೂ ಕ್ಷಮೆ ಕೇಳಲಿಲ್ಲ. ಅತ್ತೆ ಅಂದಿನಿಂದ ನನ್ನೊಡನೆ ಹೆಂಡತಿಯ ಮೂಲಕ ಮಾತಾಡುತ್ತಾರೆ.

ಮೇಲೆಳೆದು ನೋಡಿದಾಗ ವೆಲ್ಡಿಂಗಿನಲ್ಲಿ ಕೂದಲೆಳೆಯ ಬಿರುಕು. ಡಬ್ ಅಂದ ಜಾಗವೇ. ತೂತು ಕೊರೆದರೆ ಕವ್ವಾಯಿಯ ನೀರು ಬಂತು. ನಾಲಿಗೆಗೆ ಹಚ್ಚಿದೆ, ಉಪ್ಪು. ಭಾವ ನೋಡುತ್ತಾ ನಿಂತಿದ್ದರು. "ನಾನು ಅವತ್ತೇ ಹೇಳಿದ್ದೆನಲ್ಲ, ಇಲ್ಲಿ ಏನೋ ಇದೆ ಅಂತ." ಅಂದದ್ದೇನು, ಈಗ ಹೇಳುತ್ತಿರುವುದೇನು! ಆದರೆ ಯೋಚಿಸಿದರೆ ಅವರು ಹೇಳಿದ್ದು ಸುಳ್ಳಲ್ಲ. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಕುಶಾಲನಗರದಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡುವವನು ಸಿಕ್ಕಿದ. "ತಗೊಂಡು ಬನ್ನಿ" ಅಂದ. ನೀವೇ ಬನ್ನಿ ಅಂದೆ. ಬರುತ್ತೇನೆ ಅಂದ. ಆ ಮಾತಿಗೆ ಮೂರು ತಿಂಗಳಾಯಿತು, ಬೋಟು ಕಣದಲ್ಲಿದೆ. ಅವನು ಬಂದರೂ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಪಂಪು ಹಗಲುರಾತ್ರಿ ಕುಡಿದರೆ ಹತ್ತು ದಿನದಲ್ಲಿ ಕೆರೆಯ ತಳ ಕಾಣುತ್ತದೆ. ಮಳೆಗಾಲದಲ್ಲಿ ನೀರಿದೆ, ನಾವಿಲ್ಲ. ಬೇಸಿಗೆಯಲ್ಲಿ ನಾವಿದ್ದೇವೆ, ನೀರಿಲ್ಲ.

ಚಿಕ್ಕವರಿದ್ದಾಗ ಇದೇ ಕೆರೆಯಲ್ಲಿ ಬಾಳೆದಿಂಡು ಕಡಿದು, ಬಿದಿರಿನ ಗೂಟ ಚುಚ್ಚಿ ತೆಪ್ಪ ಮಾಡುತ್ತಿದ್ದೆವು. ನಾಲ್ಕು ಜನ ಕಸಿನ್ಸ್. ಅಜ್ಜ ದಡದಲ್ಲಿ ಕೋಲು ಹಿಡಿದು ಬೈಯುತ್ತಾ ನಿಂತಿರುತ್ತಿದ್ದರು. ಬೈಗುಳ ಮುಗಿಯುವವರೆಗೆ ದಡಕ್ಕೆ ಬರಬಾರದು ಅಂತ ನಮ್ಮ ನಿಯಮ. ಸಂಜೆ ಆದರೂ ಅವರ ಬೈಗುಳ ಮುಗಿಯುತ್ತಿರಲಿಲ್ಲ. ನಾಲ್ವರಲ್ಲಿ ಊರಲ್ಲಿ ಉಳಿದವನು ನಾನೊಬ್ಬ. ಆ ತೆಪ್ಪವನ್ನು ಯಾರೂ ತಟ್ಟಿ ನೋಡಿರಲಿಲ್ಲ.

ಇರಲಿ. ರೈಟರ್ ಇನ್ನೂ ಟೋಪಿ ಹಿಡಿದು ನಿಂತಿದ್ದರು. ಅವರೇ ಉಪಾಯ ಹೇಳಿದರು. ಟಾರ್ಪಾಲು ತೆಗೆದು, ಸೋಫಾ ಇಳಿಸಿ, ಕಟಕಟೆ ಬಿಚ್ಚಿದರೆ ಮೇಲೆ ಚಪ್ಪಟೆ ನೆಲ. ನೆಲಕ್ಕಿಂತ ಮೂರಡಿ ಎತ್ತರ, ನಾಯಿ ಕೋಳಿ ಕೆದಕೋದಿಲ್ಲ, ಬಿಸಿಲೂ ಚೆನ್ನಾಗಿ ಬೀಳುತ್ತದೆ. ಮಾರನೆಯ ದಿನ ಕೊಯ್ದ ಮೊದಲ ಹಣ್ಣು ಬೋಟಿನ ಮೇಲೇ ಹರಡಿತು. ಕೆಂಪು ಕಾಫಿ ತುಂಬಿಕೊಂಡು ಬೋಟು ನೋಡಲು ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ. ಹೆಂಡತಿ ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದಳು. "ಅಯ್ಯೋ ಅಪ್ಪ" ಅಂತ ಬಂತು.

ಇವತ್ತು ಸಂಜೆ ಭಾವ ಬಂದಿದ್ದರು. ನನ್ನ ಹತ್ತಿರ ಮಾತಾಡದೆ ನೇರ ಕಣಕ್ಕೆ ಹೋದರು. ಬೋಟಿನ ಮೇಲಿಂದ ಒಂದು ಹಿಡಿ ಚೆರಿ ಬಾಚಿ, ಮುಷ್ಟಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ ಕಾಫಿ ಗಲಗಲ ಅನ್ನಬೇಕು. ಕಣ್ಣು ಅರ್ಧ ಮುಚ್ಚಿದರು. ಒಂದು ಕ್ಷಣ ಮೌನ.

"ಇನ್ನೂ ನೀರಿದೆ ಭಾವ" ಅಂದರು. "ಇನ್ನೆಂಟು ದಿನ ಬೋಟು ತೆಗೀಬೇಡಿ."